ವಿಂಡೋಸ್ ಅಲ್ಲೇ ಇರಲಿ, ಲಿನಕ್ಸ್ ಓಡಿಸಿ ನೋಡೋಣ

ಮಕ್ಕಳೇ, ನಿಮ್ಮ ಶಾಲೆಯ ಗಣಕಯಂತ್ರದ ಗುಂಡಿ ಒತ್ತಿದಾಗ ಪರದೆಯ ಮೇಲೆ ಮೊದಲು ಏನು ಕಾಣಿಸುತ್ತದೆ? ನಿಮ್ಮಲ್ಲಿ ಹೆಚ್ಚಿನವರು ‘ನಾಲ್ಕು ಚೌಕಗಳ ನೀಲಿ ಕಿಟಕಿ’ ಎನ್ನುತ್ತೀರಿ. ಅದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್‌ನ ಗುರುತು. ಕಂಪ್ಯೂಟರ್ ಎಂದರೆ ವಿಂಡೋಸ್, ವಿಂಡೋಸ್ ಎಂದರೆ ಕಂಪ್ಯೂಟರ್ ಎಂದೇ ಅನೇಕರು ತಿಳಿದಿದ್ದಾರೆ. ಇವೆರಡೂ ಬೇರೆ ಬೇರೆ. ಹೇಗೆ ಬೇರೆ ಎಂಬುದನ್ನು ನೀವೇ ಮಾಡಿ ನೋಡಬಹುದು. ಅದಕ್ಕೆ ಬೇಕಾಗುವುದು ಒಂದು ಪೆನ್‌ಡ್ರೈವ್ ಮತ್ತು ಜೊತೆಯಲ್ಲಿ ನಿಲ್ಲುವ ಒಬ್ಬ ಶಿಕ್ಷಕರು.

ಈಗಲೇ ಯಾಕೆ ನೋಡಬೇಕು? ಅದಕ್ಕೆ ಕಾರಣವಿದೆ. ವಿಂಡೋಸ್ 10 ಎಂಬ ಆವೃತ್ತಿ 2015ರ ಜುಲೈನಲ್ಲಿ ಬಂದಿತ್ತು. ಅದಕ್ಕೆ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದ ತಿದ್ದುಪಡಿಗಳನ್ನು 2025ರ ಅಕ್ಟೋಬರ್ 14ಕ್ಕೆ ಕಂಪನಿ ಕೊನೆಗೊಳಿಸಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಇನ್ನಷ್ಟು ಕಾಲ ಭದ್ರತೆಯ ತಿದ್ದುಪಡಿ ಎಂದಿತು. ಹಾಗೆಂದು ಮರುದಿನ ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ. ಹೆಂಚಿನ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸುತ್ತಾರಲ್ಲ, ಅದನ್ನು ನಿಲ್ಲಿಸಿದರೆ ಏನಾಗುತ್ತದೆ? ಮನೆ ಬೀಳುವುದಿಲ್ಲ. ಆದರೆ ಎಲ್ಲಿ ಸೋರುತ್ತದೋ ಹೇಳಲಾಗದು. ತಿದ್ದುಪಡಿ ಇಲ್ಲದ ಕಂಪ್ಯೂಟರನ್ನು ಅಂತರ್ಜಾಲಕ್ಕೆ ಜೋಡಿಸಿದರೂ ಹೀಗೆಯೇ.

ಹಾಗಾದರೆ ವಿಂಡೋಸ್ 11 ಹಾಕಿಕೊಳ್ಳಬಹುದಲ್ಲ ಎನ್ನುವಿರಾ? ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇಷ್ಟು ಹಳೆಯ ಯಂತ್ರಗಳಲ್ಲೂ ಇರುತ್ತದೆ. ಆದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕು, ಪ್ರೊಸೆಸರ್ ಕೂಡ ಇತ್ತೀಚಿನದಾಗಿರಬೇಕು. ಇಲ್ಲಿಯೇ ಹಳೆಯ ಯಂತ್ರಗಳು ಸೋಲುವುದು. ಕೀಲಿಮಣೆ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಲೆಕ್ಕ ಮಾಡುವ ಶಕ್ತಿಯೂ ಇದೆ. ಆದರೂ ಯಂತ್ರ ಮೂಲೆಗೆ ಸೇರಬೇಕೆ? ಸೇರಿಸುವ ಮೊದಲು ಒಂದು ಪ್ರಯೋಗ ಮಾಡೋಣ.

ತಿರುಳು ಮತ್ತು ಚಿಪ್ಪು

ಮೊದಲು ವಿಂಡೋಸ್ ಎಂಬುದು ಏನು ಎಂದು ತಿಳಿಯೋಣ. ಅದೊಂದು ಕಾರ್ಯಾಚರಣಾ ವ್ಯವಸ್ಥೆ. ಆಪರೇಟಿಂಗ್ ಸಿಸ್ಟಂ ಎಂದು ನೀವು ಕೇಳಿರುತ್ತೀರಿ. ಕಂಪ್ಯೂಟರಿನೊಳಗೆ ಪ್ರೊಸೆಸರ್, ರ‍್ಯಾಮ್, ಹಾರ್ಡ್ ಡಿಸ್ಕ್ ಇವೆಲ್ಲ ಇರುತ್ತವೆ. ನೀವು ಚಿತ್ರ ಬಿಡಿಸುವ ತಂತ್ರಾಂಶ ತೆರೆದು ‘ಉಳಿಸು’ ಎಂದಾಗ ಆ ತಂತ್ರಾಂಶ ತಾನೇ ಹೋಗಿ ಡಿಸ್ಕಿನ ಮೇಲೆ ಬರೆಯುವುದಿಲ್ಲ. ‘ಇದನ್ನು ಬರೆದುಕೊಡು’ ಎಂದು ಕಾರ್ಯಾಚರಣಾ ವ್ಯವಸ್ಥೆಯನ್ನು ಕೇಳುತ್ತದೆ. ಈ ಕೋರಿಕೆಗಳನ್ನು ನಡೆಸಿಕೊಡುವ ಒಳಭಾಗಕ್ಕೆ ಕರ್ನಲ್, ಅಂದರೆ ತಿರುಳು ಎಂದು ಹೆಸರು. ತೆಂಗಿನಕಾಯಿಯ ತಿರುಳಿನ ಸುತ್ತ ಚಿಪ್ಪು ಇರುವ ಹಾಗೆ, ಈ ತಿರುಳಿನ ಸುತ್ತ ನಮ್ಮ ಕಣ್ಣಿಗೆ ಕಾಣುವ ಮೆನು, ಚಿತ್ರಗಳು, ಕಿಟಕಿಗಳು ಇರುತ್ತವೆ.

ಲಿನಕ್ಸ್ ಎಂಬುದು ಇಂಥದೇ ಇನ್ನೊಂದು ತಿರುಳು. ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ 1991ರಲ್ಲಿ ಹವ್ಯಾಸಕ್ಕೆಂದು ಇದನ್ನು ಬರೆಯತೊಡಗಿದ. ಅಮೆರಿಕದಲ್ಲಿ ರಿಚರ್ಡ್ ಸ್ಟಾಲ್‌ಮನ್ 1983ರಲ್ಲೇ ಗ್ನು ಎಂಬ ಯೋಜನೆ ಸಾರಿದ್ದರು. ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗಿದೆ ಎಂದು ನೋಡಬಹುದು, ತಿದ್ದಬಹುದು, ಹಂಚಬಹುದು, ಇಂತಹ ತಂತ್ರಾಂಶ ಬೇಕು ಎಂಬುದು ಅವರ ಹಟ. 1992ರಲ್ಲಿ ಲಿನಕ್ಸ್ ಕೂಡ ಇದೇ ನಿಯಮದ ಅಡಿಗೆ ಬಂತು. ಅಲ್ಲಿಂದ ಸಾವಿರಾರು ಜನರ ಕೈ ಸೇರಿ ಇಂದು ಆ ತಿರುಳಿನ ಬರಹ 3 ಕೋಟಿ ಸಾಲುಗಳನ್ನೂ ದಾಟಿದೆ. ನಿಮ್ಮ ಮನೆಯಲ್ಲಿ ಆಂಡ್ರಾಯ್ಡ್ ಫೋನ್ ಇದೆಯೇ? ಅದರ ಒಳಗಿನ ತಿರುಳೂ ಲಿನಕ್ಸೇ. ಅಂದಮೇಲೆ ನೀವು ಲಿನಕ್ಸನ್ನು ಈಗಾಗಲೇ ಮುಟ್ಟಿದ್ದೀರಿ!

ತಿರುಳು ಒಂದೇ, ಚಿಪ್ಪು ಹಲವು. ಒಂದೊಂದು ತಂಡ ಒಂದೊಂದು ಬಗೆಯ ಚಿಪ್ಪು ಜೋಡಿಸಿ, ಬೇಕಾದ ತಂತ್ರಾಂಶಗಳನ್ನು ಸೇರಿಸಿ, ಒಂದು ಕಟ್ಟು ಮಾಡಿ ಕೊಡುತ್ತದೆ. ಉಬುಂಟು, ಫೆಡೋರಾ, ಡೆಬಿಯನ್ ಎಲ್ಲ ಇಂಥ ಕಟ್ಟುಗಳೇ. ಪಕ್ಕದ ಕೇರಳದ ಶಾಲೆಗಳಲ್ಲಿ ಬಳಸುವ ಲಿನಕ್ಸ್ ಉಬುಂಟುವನ್ನು ಆಧರಿಸಿ ಅವರೇ ಸಿದ್ಧಪಡಿಸಿಕೊಂಡ ಕಟ್ಟು. ನಾವು ಇಲ್ಲಿ ಲಿನಕ್ಸ್ ಮಿಂಟ್ ತೆಗೆದುಕೊಳ್ಳೋಣ. ಅದೂ ಉಬುಂಟುವಿನ ಮೇಲೆಯೇ ಕಟ್ಟಿದ್ದು. 2006ರಲ್ಲಿ ಆರಂಭವಾಯಿತು. ವಿಂಡೋಸ್ ಬಳಸಿ ರೂಢಿಯಾದವರಿಗೆ ಇದೇ ಸುಲಭ ಎಂಬುದು ನನ್ನ ಅಭಿಪ್ರಾಯ. ಮೆನು ಕೆಳಗೆ ಎಡ ಮೂಲೆಯಲ್ಲೇ ಇದೆ, ಗಡಿಯಾರ ಬಲ ಮೂಲೆಯಲ್ಲೇ ಇದೆ, ಕಿಟಕಿ ಮುಚ್ಚುವ ಗುರುತು ಅಲ್ಲೇ ಇದೆ. ಇದರ 22.2 ಆವೃತ್ತಿ 2025ರ ಸೆಪ್ಟೆಂಬರಿನಲ್ಲಿ ಬಂತು, ಹೆಸರು ಜಾರಾ. 22 ಎಂದು ಆರಂಭವಾಗುವ ಎಲ್ಲ ಆವೃತ್ತಿಗಳಿಗೂ 2029ರವರೆಗೆ ತಿದ್ದುಪಡಿ ಕೊಡುವುದಾಗಿ ತಂಡ ಹೇಳಿದೆ. 2 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ, 4 ಜಿಬಿ ಇದ್ದರೆ ಹಾಯಾಗಿ ನಡೆಯುತ್ತದೆ. ಪ್ರೊಸೆಸರ್ ಮಾತ್ರ 64 ಬಿಟ್‌ನದಾಗಿರಬೇಕು.

ಸ್ಲೇಟಿನ ಮೇಲೆ ಓಡುವ ಲಿನಕ್ಸ್

ಮಿಂಟ್ ಪೂರ್ತಿಯಾಗಿ ಸುಮಾರು 3 ಜಿಬಿಯ ಒಂದೇ ಕಡತವಾಗಿ ಉಚಿತವಾಗಿ ಸಿಗುತ್ತದೆ. ಅದನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಸಾಲದು. ಕಂಪ್ಯೂಟರ್ ಅದರಿಂದಲೇ ಏಳುವಂತೆ ಬರೆಯಬೇಕು. ರೂಫಸ್, ಎಚರ್ ಮುಂತಾದ ಸಣ್ಣ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಎಚ್ಚರ! ಹೀಗೆ ಬರೆದಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಅಕ್ಕನ ಮದುವೆಯ ಫೋಟೋ ಇರುವ ಪೆನ್‌ಡ್ರೈವ್ ತರಬೇಡಿ.

ಇನ್ನು ಯಂತ್ರವನ್ನು ಏಳಿಸಬೇಕು. ವಿದ್ಯುತ್ ಬಂದ ಕೂಡಲೇ ಕಂಪ್ಯೂಟರಿನ ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿರುವ ಪುಟ್ಟ ತಂತ್ರಾಂಶ ಎಚ್ಚರಗೊಳ್ಳುತ್ತದೆ. ಅದಕ್ಕೆ ವಿಂಡೋಸೂ ಗೊತ್ತಿಲ್ಲ, ಲಿನಕ್ಸೂ ಗೊತ್ತಿಲ್ಲ. ತನ್ನಲ್ಲಿರುವ ಪಟ್ಟಿಯಂತೆ ‘ಮೊದಲು ಎಲ್ಲಿ ಹುಡುಕಲಿ, ಆಮೇಲೆ ಎಲ್ಲಿ ಹುಡುಕಲಿ’ ಎಂದು ನೋಡುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಹಾರ್ಡ್ ಡಿಸ್ಕ್ ಮೊದಲು ಇರುತ್ತದೆ, ಅದಕ್ಕೇ ವಿಂಡೋಸ್ ಬರುತ್ತದೆ. ಯಂತ್ರ ಏಳುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿದರೆ ‘ಈ ಸಲ ಪೆನ್‌ಡ್ರೈವಿನಿಂದ ಏಳು’ ಎಂದು ಹೇಳಬಹುದು. ಕೀಲಿ ಯಾವುದು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಈ ಕೆಲಸ ಶಿಕ್ಷಕರಿಗೆ ಬಿಡಿ.

ಒಂದೆರಡು ನಿಮಿಷದಲ್ಲಿ ಮಿಂಟ್ ಪರದೆಯ ಮೇಲೆ ಬರುತ್ತದೆ. ಹಾಗಾದರೆ ವಿಂಡೋಸ್ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಮಲಗಿದೆ. ಲಿನಕ್ಸ್ ಪೆನ್‌ಡ್ರೈವಿನಿಂದ ಬೇಕಾದ ಭಾಗಗಳನ್ನು ಓದಿ ರ‍್ಯಾಮಿನಲ್ಲಿ ಇಟ್ಟುಕೊಂಡು ಓಡುತ್ತಿದೆ. ಹಾರ್ಡ್ ಡಿಸ್ಕ್ ನೋಟುಪುಸ್ತಕವಾದರೆ ರ‍್ಯಾಮ್ ಸ್ಲೇಟು. ವಿದ್ಯುತ್ ಇರುವವರೆಗೆ ಮಾತ್ರ ಅದರ ಮೇಲಿನ ಬರಹ ಉಳಿಯುತ್ತದೆ. ನೀವು ಈಗ ಹೊಸ ಕಡತ ಮಾಡಿದರೂ, ಬಣ್ಣ ಬದಲಿಸಿದರೂ ಎಲ್ಲವೂ ಸ್ಲೇಟಿನ ಮೇಲೆ. ಯಂತ್ರ ಆರಿಸಿದರೆ ಒರೆಸಿದ ಹಾಗೆ. ಇದಕ್ಕೆ ಲೈವ್ ಎನ್ನುತ್ತಾರೆ.

ಎರಡು ಕಡೆ ಮಾತ್ರ ಜಾಗ್ರತೆ ಬೇಕು. ಪರದೆಯ ಮೇಲೆ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಎಂಬ ಚಿತ್ರವಿರುತ್ತದೆ. ಅದನ್ನು ಮುಟ್ಟಬೇಡಿ. ಅದರಲ್ಲಿ ಮುಂದೆ ಹೋದರೆ ಸ್ಲೇಟು ಬಿಟ್ಟು ನೋಟುಪುಸ್ತಕಕ್ಕೆ ಕೈ ಹಾಕಿದಂತೆ, ಡಿಸ್ಕಿನಲ್ಲಿದ್ದ ವಿಂಡೋಸ್ ಮತ್ತು ಕಡತಗಳು ಅಳಿಸಿಹೋಗಬಹುದು. ಇನ್ನೊಂದು, ಮಿಂಟಿನ ಒಳಗಿನಿಂದಲೇ ವಿಂಡೋಸಿನ ಡಿಸ್ಕನ್ನು ತೆರೆಯಲು ಬರುತ್ತದೆ. ಅಲ್ಲಿ ನಿಮಗೆ ಸಿ ಡ್ರೈವ್, ಡಿ ಡ್ರೈವ್ ಎಂಬ ಹೆಸರು ಕಾಣದು, ‘500 ಜಿಬಿ ವಾಲ್ಯೂಮ್’ ಎಂಬಂತೆ ಅಳತೆಯೇ ಹೆಸರಾಗಿರುತ್ತದೆ. ಅದರೊಳಗಿನ ಕಡತ ನೋಡಿರಿ, ಅಳಿಸಬೇಡಿ. ಅದು ನಿಜವಾದ ಡಿಸ್ಕ್, ಸ್ಲೇಟಲ್ಲ!

ಏನನ್ನು ನೋಡಬೇಕು?

ಪ್ರಯೋಗ ಎಂದಮೇಲೆ ನೋಡಿದ್ದನ್ನು ಬರೆಯಬೇಕು. ನೋಟುಪುಸ್ತಕದಲ್ಲಿ ಮೂರು ಅಂಕಣ ಹಾಕಿ: ಕೆಲಸ, ವಿಂಡೋಸಿನಲ್ಲಿ ಹೇಗಿತ್ತು, ಮಿಂಟಿನಲ್ಲಿ ಹೇಗಿದೆ. ಸದ್ದು ಬರುತ್ತದೆಯೇ? ವೈಫೈ ಸಿಗುತ್ತದೆಯೇ? ಪ್ರಿಂಟರ್ ಗುರುತು ಹಿಡಿಯುತ್ತದೆಯೇ? ಪ್ರೊಜೆಕ್ಟರಿಗೆ ಚಿತ್ರ ಹೋಗುತ್ತದೆಯೇ? ಹೊಸ ಕಾರ್ಯಾಚರಣಾ ವ್ಯವಸ್ಥೆ ಎಡವುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ. ಪ್ರಿಂಟರ್ ತಯಾರಿಸಿದ ಕಂಪನಿ ವಿಂಡೋಸಿಗೆ ಮಾತ್ರ ಚಾಲಕ ತಂತ್ರಾಂಶ ಬರೆದಿದ್ದರೆ ಲಿನಕ್ಸಿನಲ್ಲಿ ಅದು ಸುಮ್ಮನೆ ಕುಳಿತಿರುತ್ತದೆ. ಇದು ಮೊದಲೇ ತಿಳಿದರೆ ಒಳ್ಳೆಯದಲ್ಲವೇ?

ವೇಗವನ್ನು ಮಾತ್ರ ಈಗ ಅಳೆಯಬೇಡಿ. ಕಾರಣ ಯೋಚಿಸಿ. ವಿಂಡೋಸ್ ಓಡುವುದು ಹಾರ್ಡ್ ಡಿಸ್ಕಿನಿಂದ, ನಿಮ್ಮ ಮಿಂಟ್ ಓಡುತ್ತಿರುವುದು ನಿಧಾನದ ಪೆನ್‌ಡ್ರೈವಿನಿಂದ, ಅದೂ ಒತ್ತಿ ಕಟ್ಟಿಟ್ಟ ಗಂಟನ್ನು ಬಿಚ್ಚಿ ಬಿಚ್ಚಿ ಓದುತ್ತಾ. ಒಬ್ಬನನ್ನು ರಸ್ತೆಯಲ್ಲೂ ಇನ್ನೊಬ್ಬನನ್ನು ಗದ್ದೆಯಲ್ಲೂ ಓಡಿಸಿ ಯಾರು ಗೆದ್ದರು ಎಂದು ಕೇಳಿದಂತಾಗುತ್ತದೆ. ಒಂದನ್ನು ಹೋಲಿಸುವಾಗ ಉಳಿದದ್ದೆಲ್ಲ ಸಮಾನವಾಗಿರಬೇಕು ಎಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಲ್ಲ?

ಒಂದು ಸಣ್ಣ ಆಟ ಆಡಿ. ಮಿಂಟಿನ ಪರದೆಯ ಮೇಲೆ ಒಂದು ಖಾಲಿ ಕಡತ ಮಾಡಿ ಇಂಗ್ಲಿಷಿನಲ್ಲಿ ‘ಮ್ಯಾಂಗೋ’ ಎಂದು ಹೆಸರಿಡಿ, ಮೊದಲ ಎಂ ದೊಡ್ಡ ಅಕ್ಷರವಾಗಿರಲಿ. ಇನ್ನೊಂದು ಕಡತಕ್ಕೆ ಅದೇ ಹೆಸರಿಡಿ, ಆದರೆ ಎಂ ಸಣ್ಣದಿರಲಿ. ಎರಡೂ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತವೆ. ವಿಂಡೋಸಿನಲ್ಲಿ ಹೀಗೆ ಮಾಡಲು ಹೋದರೆ ‘ಈ ಹೆಸರು ಆಗಲೇ ಇದೆ’ ಎನ್ನುತ್ತದೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ದೊಡ್ಡ ಎಂ ಅಂದರೆ 77, ಸಣ್ಣ ಎಂ ಅಂದರೆ 109. ಸಂಖ್ಯೆ ಬೇರೆ, ಆದ್ದರಿಂದ ಹೆಸರೂ ಬೇರೆ ಎನ್ನುತ್ತದೆ ಲಿನಕ್ಸ್. ಜನ ಎರಡನ್ನೂ ಒಂದೇ ಎಂದು ಓದುತ್ತಾರೆ, ಆದ್ದರಿಂದ ಒಂದೇ ಎನ್ನುತ್ತದೆ ವಿಂಡೋಸ್. ಯಾವುದು ಸರಿ? ತರಗತಿಯಲ್ಲಿ ಚರ್ಚೆ ಮಾಡಿ!

ಕನ್ನಡದ ಗತಿ ಏನು?

ನಮಗೆ ಮುಖ್ಯವಾದ ಪರೀಕ್ಷೆ ಇದು. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು, ಶಾಲಾ ವಾರ್ಷಿಕೋತ್ಸವದ ಆಮಂತ್ರಣ, ಮಕ್ಕಳ ಕೈಬರಹ ಪತ್ರಿಕೆಯ ಟೈಪಾದ ಪ್ರತಿ ಇವೆಲ್ಲ ಇರಬಹುದು. ಅವುಗಳಲ್ಲಿ ಒಂದನ್ನು ಮಿಂಟಿನ ಲಿಬ್ರೆಆಫೀಸಿನಲ್ಲಿ ತೆರೆಯಿರಿ. ಇತ್ತೀಚೆಗೆ ಯೂನಿಕೋಡಿನಲ್ಲಿ ಟೈಪು ಮಾಡಿದ್ದಾದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದಾದರೆ ಗಾಬರಿಯಾಗುತ್ತದೆ. ‘ಕನ್ನಡ’ ಎಂದು ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೆರೆಯಿರುವ ಎ, ಇಂಗ್ಲೆಂಡಿನ ಪೌಂಡ್ ಹಣದ ಗುರುತು ಇಂಥವು ಸಾಲಾಗಿ ನಿಂತಿರುತ್ತವೆ!

ಕಡತ ಕೆಟ್ಟಿತೇ? ಇಲ್ಲ. ಹಳೆಯ ಕಾಲದಲ್ಲಿ ಕನ್ನಡಕ್ಕೆಂದು ಬೇರೆ ಸಂಖ್ಯೆಗಳು ಬಳಕೆಯಲ್ಲಿ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಎರವಲು ಪಡೆದು, ಫಾಂಟಿನಲ್ಲಿ ಅವುಗಳ ಚಿತ್ರ ಮಾತ್ರ ಬದಲಾಯಿಸಿದರು. ಪಿ ಅಕ್ಷರದ ಸಂಖ್ಯೆ 80. ನುಡಿ ಫಾಂಟಿನಲ್ಲಿ 80ರ ಜಾಗದಲ್ಲಿ ‘ಕ’ದ ದೇಹದ ಚಿತ್ರ, 192ರ ಜಾಗದಲ್ಲಿ ಅದರ ತಲೆಕಟ್ಟು. ಪೌಂಡ್ ಗುರುತಿನ 163ರ ಜಾಗದಲ್ಲಿ ‘ನ’. ಆ ಫಾಂಟ್ ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಯಂತ್ರದಲ್ಲಿ 80 ಎಂದರೆ ಪಿ ಮಾತ್ರ. ವಿಂಡೋಸೇ ಆಗಿದ್ದರೂ ಆ ಫಾಂಟ್ ಇಲ್ಲದಿದ್ದರೆ ಇದೇ ಕಥೆ. ಲಿನಕ್ಸನ್ನು ಬೈಯಬೇಡಿ.

ಯೂನಿಕೋಡ್ ಬಂದ ಮೇಲೆ ಈ ಎರವಲು ಬೇಕಿಲ್ಲ. ಲೋಕದ ಲಿಪಿಗಳಿಗೆಲ್ಲ ಅದರಲ್ಲಿ ಸ್ವಂತ ಸಂಖ್ಯೆಗಳಿವೆ. ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ 128 ಮನೆಗಳು. ‘ಕ’ ಎಂದರೆ 3221, ‘ನ’ ಎಂದರೆ 3240, ‘ಡ’ ಎಂದರೆ 3233, ಒತ್ತಕ್ಷರ ಕೂಡಿಸುವ ಅರ್ಧಾಕ್ಷರದ ಗುರುತು 3277. ಆದ್ದರಿಂದ ‘ಕನ್ನಡ’ ಎಂಬ ಪದ ಕಂಪ್ಯೂಟರಿನಲ್ಲಿ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳಾಗಿ ಇರುತ್ತದೆ. ವಿಂಡೋಸಾದರೂ ಲಿನಕ್ಸಾದರೂ ಫೋನಾದರೂ 3221 ಎಂದರೆ ‘ಕ’ವೇ.

ಮಿಂಟಿನಲ್ಲಿ ಕನ್ನಡ ಟೈಪು ಮಾಡಬೇಕೇ? ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ವಿನ್ಯಾಸಗಳ ಪಟ್ಟಿ ತೆರೆದು ಕನ್ನಡ ಹುಡುಕಿ. ಅಲ್ಲಿ ‘ಕಗಪ’ ಎಂಬ ಹೆಸರು ಕಂಡರೆ ಅಚ್ಚರಿಪಡಬೇಡಿ. ಅದು ನಮ್ಮ ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ನುಡಿಯನ್ನು ರೂಪಿಸಿದವರು ಅವರೇ. ನುಡಿ ರೂಢಿಯಿದ್ದ ಬೆರಳು ಇಲ್ಲೂ ನಡೆಯುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಕೀಲಿ ಒತ್ತಿ. ‘ಕನ್ನಡ’ ಎಂದು ಬಂತೇ? ಐದು ಕೀಲಿ, ಐದು ಸಂಖ್ಯೆ.

ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿಕೊಡುವ ಪರಿವರ್ತಕ ತಂತ್ರಾಂಶಗಳಿವೆ. ಮುಂದೆ ಲಿನಕ್ಸಿಗೆ ಹೋಗುವುದಿರಲಿ, ಬಿಡಲಿ, ವಿಂಡೋಸ್ ಮತ್ತು ನುಡಿ ಎರಡೂ ಇನ್ನೂ ಓಡುತ್ತಿರುವಾಗಲೇ ಈ ಪರಿವರ್ತನೆ ಮಾಡಿ ಇಟ್ಟುಕೊಳ್ಳುವುದು ಜಾಣತನ. ಪರಿವರ್ತನೆಯಾದ ಮೇಲೆ ಒಮ್ಮೆ ಓದಿ ನೋಡಬೇಕು, ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ಉಳಿದಿರುತ್ತದೆ. ಇದು ನಿಮ್ಮಂಥ ಚುರುಕು ಕಣ್ಣಿನವರು ಮಾಡಬಹುದಾದ ಕೆಲಸ.

ಆ ತಂತ್ರಾಂಶ ಇಲ್ಲಿ ಯಾಕೆ ಓಡುವುದಿಲ್ಲ?

ವಿಂಡೋಸಿಗೆಂದು ತಂದ ಆಟದ ಅಥವಾ ಪಾಠದ ಸಿಡಿಯನ್ನು ಮಿಂಟಿಗೆ ಹಾಕಿದರೆ ಸಾಮಾನ್ಯವಾಗಿ ಓಡದು. ಪ್ರೊಸೆಸರ್ ಅದೇ, ಯಂತ್ರವೂ ಅದೇ, ಆದರೂ ಏಕೆ? ತಂತ್ರಾಂಶ ಪ್ರತಿ ಕೆಲಸಕ್ಕೂ ತಿರುಳನ್ನು ಕೇಳುತ್ತದೆ ಎಂದೆವಲ್ಲ, ಆ ಕೇಳುವ ಕ್ರಮ ವಿಂಡೋಸಿನಲ್ಲಿ ಒಂದು, ಲಿನಕ್ಸಿನಲ್ಲಿ ಇನ್ನೊಂದು. ಒಂದು ಬ್ಯಾಂಕಿನ ಚಲನ್ ಇನ್ನೊಂದು ಬ್ಯಾಂಕಿನಲ್ಲಿ ನಡೆಯುವುದಿಲ್ಲ, ಹಣ ಅದೇ ಆದರೂ! ವೈನ್ ಎಂಬ ತಂತ್ರಾಂಶ ನಡುವೆ ನಿಂತು ದುಭಾಷಿಯ ಕೆಲಸ ಮಾಡುತ್ತದೆ, ಆದರೆ ಎಲ್ಲಕ್ಕೂ ಅಲ್ಲ. ಇದೇ ಕಾರಣಕ್ಕೆ ವಿಂಡೋಸಿಗೆಂದು ಬರೆದ ವೈರಸ್ಸುಗಳೂ ಲಿನಕ್ಸಿನಲ್ಲಿ ಬೆಪ್ಪಾಗುತ್ತವೆ. ಲಿನಕ್ಸಿಗೆ ವೈರಸ್ಸೇ ಬರುವುದಿಲ್ಲ ಎಂದು ಕೆಲವರು ಹೇಳುವುದುಂಟು, ಅದು ನಿಜವಲ್ಲ.

ಶಾಲೆಗೆ ಬೇಕಾದ ಬಹಳಷ್ಟು ತಂತ್ರಾಂಶಗಳು ಲಿನಕ್ಸಿಗೂ ಇವೆ. ಚಿತ್ರ ಬಿಡಿಸಲು ಟಕ್ಸ್ ಪೇಂಟ್, ಸಣ್ಣವರಿಗೆ ಜಿಕಾಂಪ್ರಿ, ಜ್ಯಾಮಿತಿಗೆ ಜಿಯೋಜೀಬ್ರಾ. ಇವನ್ನು ವಿಂಡೋಸಿನಲ್ಲೂ ಹಾಕಿಕೊಳ್ಳಬಹುದು. ನನ್ನ ಸಲಹೆ ಕೇಳುವುದಾದರೆ ಮೊದಲು ಅಲ್ಲೇ ಹಾಕಿಕೊಂಡು ರೂಢಿ ಮಾಡಿಕೊಳ್ಳಿ. ಆಮೇಲೆ ಕಾರ್ಯಾಚರಣಾ ವ್ಯವಸ್ಥೆ ಬದಲಾದರೂ ಕೈಗೆ ಹೊಸದೆನಿಸದು. ಶಾಲೆಯ ಕೆಲಸಕ್ಕೆ ವಿಂಡೋಸಿನಲ್ಲಿ ಮಾತ್ರ ನಡೆಯುವ ಒಂದು ತಂತ್ರಾಂಶ ಬೇಕೇ ಬೇಕು ಎಂದಾದರೆ ಆ ಯಂತ್ರವನ್ನು ಹಾಗೇ ಬಿಟ್ಟು, ಅಂತರ್ಜಾಲದಿಂದ ದೂರ ಇಡುವುದು ವಾಸಿ. ನಿಮ್ಮ ಪಟ್ಟಿಯ ಮೂರು ಅಂಕಣ ನೋಡಿ ಮುಖ್ಯ ಶಿಕ್ಷಕರು ನಿರ್ಧರಿಸಲಿ.

ಆರಿಸಿದ ಮೇಲೆ

ಪ್ರಯೋಗ ಮುಗಿಯಿತು. ಮೆನುವಿನಿಂದ ಯಂತ್ರ ಆರಿಸಿ. ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ ಎಂಬ ಸೂಚನೆ ಬರುತ್ತದೆ. ಹಾಗೇ ಮಾಡಿ, ಮತ್ತೆ ಗುಂಡಿ ಒತ್ತಿ. ವಿಂಡೋಸ್ ಎಂದಿನಂತೆ ಬರುತ್ತದೆ. ನಿಮ್ಮ ಎರಡು ಮ್ಯಾಂಗೋಗಳು ಎಲ್ಲೂ ಇಲ್ಲ, ಸ್ಲೇಟು ಒರೆಸಿಹೋಗಿದೆ.

ಆದರೆ ಪರದೆಯ ಮೂಲೆಯ ಗಡಿಯಾರ ನೋಡಿ. ಕೆಲವೊಮ್ಮೆ ಬೆಳಿಗ್ಗೆ 10 ಗಂಟೆ ಇರಬೇಕಾದ ಕಡೆ 4.30 ಎಂದು ಇರುತ್ತದೆ! ಡಿಸ್ಕನ್ನು ಮುಟ್ಟದ ಲಿನಕ್ಸ್ ಇಲ್ಲಿ ತನ್ನ ಗುರುತು ಬಿಟ್ಟುಹೋಗಿದೆ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿಯಿಂದ ನಡೆಯುವ ಗಡಿಯಾರವಿದೆ. ವಿಂಡೋಸ್ ಅದರಲ್ಲಿ ನಮ್ಮ ಊರಿನ ಸಮಯ ಬರೆದಿಡುತ್ತದೆ. ಲಿನಕ್ಸ್ ಗ್ರೀನಿಚ್ ಸಮಯ ಬರೆದಿಡುತ್ತದೆ, ಊರಿನ ಸಮಯವನ್ನು ತೋರಿಸುವಾಗ ಕೂಡಿಸಿ ಹೇಳುತ್ತದೆ. ಮಿಂಟ್ ಓಡುತ್ತಿದ್ದಾಗ ಅಂತರ್ಜಾಲದಿಂದ ಸರಿಯಾದ ಸಮಯ ತಿಳಿದು, ಆ ಗಡಿಯಾರಕ್ಕೆ ಗ್ರೀನಿಚ್ ಸಮಯ ತುಂಬಿರುತ್ತದೆ. ವಿಂಡೋಸ್ ಬಂದು ಅದನ್ನೇ ನಮ್ಮೂರಿನ ಸಮಯ ಎಂದು ಓದಿತು.

ವ್ಯತ್ಯಾಸ ಎಷ್ಟು? ಭಾರತದ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು ಎಂದು ಭೂಗೋಳದಲ್ಲಿ ಓದಿದ್ದೀರಿ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಭಾಗಾಕಾರ ಮಾಡಿ, ನಿಮ್ಮ ಗಡಿಯಾರ ತೋರಿಸುವ ತಪ್ಪಿನೊಂದಿಗೆ ತಾಳೆ ನೋಡಿ. ಆಮೇಲೆ ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯಕ್ಕೆ ಹೋಗಿ ಗಡಿಯಾರವನ್ನು ಸರಿಮಾಡಿ.